‘ಬಿಡುವುದು’ ಎಂಬ ಮಾತಿಲ್ಲದ ಕಾನೂನು

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಕಾನೂನಿನ ಮಾತಿಗೆ ಮೊದಲು ಒಂದು ಆಮೆಯ ವಿಷಯ ಹೇಳಬೇಕು. ನನ್ನ ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಆಮೆ ಮರಿ ಬೇಕು ಎಂದು ಹಟ ಹಿಡಿದಳು. ಮೈಸೂರಿನ ಒಂದು ಅಕ್ವೇರಿಯಂ ಅಂಗಡಿಯಲ್ಲಿ ಸಿಕ್ಕಿತು. ಹಳೇ ಕಾಲದ ರೂಪಾಯಿ ನಾಣ್ಯದಷ್ಟು ಅಗಲ. ಎಳೆ ಹುಲ್ಲಿನ ಬಣ್ಣದ ಚಿಪ್ಪು. ಕಣ್ಣಿನ ಹಿಂದೆ, ಕಿವಿ ಇರಬೇಕಾದ ಕಡೆ, ಕುಂಕುಮದಲ್ಲಿ ಕಡ್ಡಿ ಅದ್ದಿ ಎಳೆದ ಹಾಗೆ ಒಂದು ಕೆಂಪು ಗೆರೆ. ಮಗುಚಿದರೆ ಹಳದಿ ಹೊಟ್ಟೆ, ಅದರ ಮೇಲೆ ಮಸಿ ಚೆಲ್ಲಿದಂಥ ಮಚ್ಚೆಗಳು. ‘ಇದು ಇಷ್ಟೇ ಇರುತ್ತೆ ಸಾರ್, ದೊಡ್ಡದಾಗಲ್ಲ’ ಎಂದರು ಅಂಗಡಿಯವರು. ನಂಬಿ ತಂದೆ.

ಐದು ವರ್ಷಕ್ಕೆ ಅದು ತಿಂಡಿ ತಟ್ಟೆಯಷ್ಟಾಯಿತು. ನೀರು ದಿನಾ ಬದಲಾಯಿಸಬೇಕು, ಇಲ್ಲದಿದ್ದರೆ ಮನೆಯೆಲ್ಲ ವಾಸನೆ. ಗಾಜಿನ ತೊಟ್ಟಿಯೊಳಗೆ ಅದು ತಿರುಗಲೂ ಆಗದೆ ಗೋಡೆಗೆ ಉಗುರು ಕೆರೆಯುತ್ತಿದ್ದ ಸದ್ದು ರಾತ್ರಿ ಕೇಳುತ್ತಿತ್ತು. ನೋಡಲಾಗದೆ ಒಂದು ಬೆಳಗ್ಗೆ ಬಕೆಟ್ಟಿನಲ್ಲಿ ಹಾಕಿಕೊಂಡು ಹೋಗಿ ಕೆರೆಗೆ ಬಿಟ್ಟೆವು. ಕತ್ತು ಚಾಚಿ ಒಂದು ಗಳಿಗೆ ನಿಂತಿತು. ಆಮೇಲೆ ಮುಳುಗಿತು. ಮಗಳು ಕೈ ಬೀಸಿದಳು. ಮನೆಗೆ ಬಂದಾಗ ನಮ್ಮಮ್ಮ ‘ಪುಣ್ಯದ ಕೆಲಸ ಮಾಡಿದಿರಿ’ ಎಂದರು. ನನಗೂ ಹಾಗೇ ಅನ್ನಿಸಿತ್ತು.

ನಾನು ವಕೀಲ. ವನ್ಯಜೀವಿ ಕಾಯ್ದೆಯ ಪುಸ್ತಕ ಆಗಲೂ ನನ್ನ ಕಪಾಟಿನಲ್ಲೇ ಇತ್ತು. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಅದನ್ನು ತೆಗೆದು ನೋಡಬೇಕು ಅಂತ ಹೊಳೆಯಲೇ ಇಲ್ಲ. ಹೊಳೆದು ನೋಡಿದ್ದರೂ ಅವತ್ತಿನ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಇವತ್ತಿನ ಪುಸ್ತಕದಲ್ಲಿ ಅರ್ಧ ಉತ್ತರ ಇದೆ. ಉಳಿದರ್ಧ ಯಾಕಿಲ್ಲ ಅನ್ನುವುದು ಇವತ್ತಿನ ಮಾತು.

ನಾವು ಬಿಟ್ಟ ಆಮೆ ಅಮೆರಿಕದ್ದು. ಮಿಸಿಸಿಪ್ಪಿ ನದಿಯ ಕೆಳಭಾಗದ ಕಡೆಯದು. ರೆಡ್ ಇಯರ್ಡ್ ಸ್ಲೈಡರ್ ಅಂತಾರೆ, ನಾವು ಕೆಂಪುಗಿವಿ ಆಮೆ ಎನ್ನೋಣ. 30 ಸೆಂಟಿಮೀಟರಿನವರೆಗೂ ಬೆಳೆಯುತ್ತದೆ. ಮೂವತ್ತು ವರ್ಷ ಬದುಕುವುದು ಅದಕ್ಕೆ ಹೆಚ್ಚೇನಲ್ಲ. ಗೊದಮೊಟ್ಟೆ, ಮೀನಿನ ಮರಿ, ಬಸವನಹುಳು, ನೀರಿನ ಗಿಡ, ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಆಮೆಗೆ ಬಿಸಿಲು ಕಾಯಿಸಲು ಒಂದು ಕಲ್ಲೋ ಕೊರಡೋ ಬೇಕು. ಆ ಜಾಗಕ್ಕೆ ನಮ್ಮ ಕೆರೆಯ ಆಮೆಗಳ ಜೊತೆ ಪೈಪೋಟಿಗೆ ಇಳಿಯುತ್ತದೆ. ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ.

ಇದು ಅಂಗಡಿಗೆ ಬಂದದ್ದು ಹೇಗೆ? ನಮ್ಮ ನಕ್ಷತ್ರ ಆಮೆ, ಕೆರೆಯ ಮೆತ್ತನೆ ಚಿಪ್ಪಿನ ಆಮೆ, ಇವನ್ನು ಸಾಕುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸರಿಯಾದ ಕಾನೂನೇ. ಆದರೆ ಮಕ್ಕಳಿಗೆ ಆಮೆ ಬೇಕಲ್ಲ. ದೇಸಿ ಆಮೆ ಮಾರಿದರೆ ಜೈಲು, ಪರದೇಶದ್ದು ಮಾರಿದರೆ ಕೇಳುವವರಿಲ್ಲ. ವ್ಯಾಪಾರ ಆ ಕಡೆ ಹೊರಳಿತು. ಒಂದು ಬಾಗಿಲು ಮುಚ್ಚಿದಾಗ ಪಕ್ಕದ ಬಾಗಿಲನ್ನು ಯಾರೂ ನೋಡಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಹೊರಗಿಂದ ಬಂದದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕನ್ನಡದಲ್ಲಿ ಇದಕ್ಕೆ ಒಂದು ಚೆಂದದ ಪದವೇ ಇದೆ, ‘ಸೀಮೆ’. ಸೀಮೆಬದನೆ, ಸೀಮೆಹುಣಸೆ, ಸೀಮೆಹಸು. ಬೇರೆ ಸೀಮೆಯಿಂದ ಬಂದದ್ದು ಅಂತ ಅಜ್ಜಿಯರು ಹೆಸರಲ್ಲೇ ಗುರುತು ಹಾಕಿ ಇಟ್ಟರು. ಮೆಣಸಿನಕಾಯಿ, ಟೊಮೆಟೊ, ಪರಂಗಿ ಎಲ್ಲವೂ ಪರದೇಶದವೇ. ಅವು ಹಿತ್ತಲಲ್ಲಿ ಇದ್ದುಕೊಂಡಿವೆ, ಕಾಡಿಗೆ ಹೋಗಿ ಯಾರ ಜಾಗವನ್ನೂ ಕಿತ್ತುಕೊಂಡಿಲ್ಲ. ಸೀಮೆಜಾಲಿ ಹಾಗಲ್ಲ. ಅದನ್ನೇ ನಾವು ಬಳ್ಳಾರಿ ಜಾಲಿ ಎನ್ನುತ್ತೇವೆ, ಪಾಪ ಬಳ್ಳಾರಿಗೂ ಅದಕ್ಕೂ ಹುಟ್ಟಿನ ನಂಟಿಲ್ಲ, ಅದು ಅಮೆರಿಕ ಖಂಡದ ಗಿಡ. ಸೌದೆಗೆ, ಬಂಜರು ನೆಲಕ್ಕೆ ಒಳ್ಳೆಯದು ಅಂತ ಸರ್ಕಾರಗಳೇ ಬಿತ್ತಿದವು. ಈಗ ಕೆರೆ ಅಂಗಳ, ಗೋಮಾಳ ಎಲ್ಲ ಅದರದ್ದೇ. ಬಂದು ಇರುವುದು ಬೇರೆ, ಬಂದು ಆವರಿಸಿಕೊಳ್ಳುವುದು ಬೇರೆ. ಕಾನೂನಿಗೆ ಬೇಕಾದ ವ್ಯತ್ಯಾಸ ಇದೇ.

ಆವರಿಸಿಕೊಳ್ಳಲು ಎಷ್ಟು ಬೇಕು ಅಂದುಕೊಂಡಿರಿ? 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಮಾರಿಷಸ್‌ನಿಂದ ಆಫ್ರಿಕದ ದೈತ್ಯ ಬಸವನಹುಳುಗಳನ್ನು ಕಲ್ಕತ್ತಕ್ಕೆ ತಂದರು. ಅವರಿಗೆ ಶಂಖ ಚಿಪ್ಪುಗಳ ಅಧ್ಯಯನದ ಹುಚ್ಚು. ಅವು ಅಲ್ಲಿನ ಒಂದು ತೋಟಕ್ಕೆ ಸೇರಿದವು. ಇವತ್ತು ಮಳೆಗಾಲದಲ್ಲಿ ಕೊಡಗಿನ ಕಾಫಿ ತೋಟಕ್ಕೆ ಹೋಗಿ ನೋಡಿ. ಗಿಡದ ಬುಡದಿಂದ ತುದಿಯವರೆಗೆ ಹುಳು ಹತ್ತಿರುತ್ತವೆ. ಬೆಳಗ್ಗೆ ಚೀಲಗಟ್ಟಲೆ ಆರಿಸಿ ಉಪ್ಪು ಸುರಿಯುವ ಕೆಲಸ ತೋಟದವರದು. ಲಂಟಾನವನ್ನು ಹೂವು ಚೆಂದ ಅಂತ ತಂದರು. ಅಂತರಗಂಗೆಯನ್ನೂ ಹೂವಿನ ಆಸೆಗೆ ತಂದರು. ಜಿಲೇಬಿ ಮೀನು ಅಂತ ತಿನ್ನುತ್ತೇವಲ್ಲ, ಆ ತಿಲಾಪಿಯ 1952ರಲ್ಲಿ ಬಂತು. ಏಳೇ ವರ್ಷಕ್ಕೆ, 1959ರಲ್ಲಿ, ಇದನ್ನು ಇನ್ನು ಹರಡಬೇಡಿ ಎಂದು ಮೀನುಗಾರಿಕೆಯ ತಜ್ಞರ ಸಮಿತಿ ಹೇಳಿತು. ಅಷ್ಟರಲ್ಲಿ ಅದು ಹೊಳೆ ಸೇರಿಯಾಗಿತ್ತು. ಈಗ ಕಾವೇರಿಯಲ್ಲಿ ಬಲೆ ಹಾಕಿದರೆ ಮೊದಲು ಬರುವುದೇ ಅದು.

ಈ ಕಥೆಗಳಲ್ಲಿ ಒಬ್ಬ ಕೆಟ್ಟ ಮನುಷ್ಯನೂ ಇಲ್ಲ. ಎಲ್ಲರೂ ಒಳ್ಳೆಯದಾಗಲಿ ಅಂತಲೇ ತಂದರು, ಬಿಟ್ಟರು. ಹುಲಿ ಕೊಂದವನ ಮೇಲೆ ಕಾನೂನು ಬರೆಯುವುದು ಸುಲಭ, ಯಾಕೆಂದರೆ ಅವನ ಉದ್ದೇಶ ಎಲ್ಲರಿಗೂ ಕಾಣುತ್ತದೆ. ಆಮೆಗೆ ಬಿಡುಗಡೆ ಸಿಗಲಿ ಎಂದು ಕೆರೆಗೆ ಇಳಿಯುವ ಹದಿಮೂರು ವರ್ಷದ ಹುಡುಗಿಯ ಬಗ್ಗೆ ಏನಂತ ಬರೆಯುತ್ತೀರಿ?

ಆದರೂ ನಮ್ಮ ನೆಲದಲ್ಲಿ ಈ ಪ್ರಯತ್ನ ಹೊಸದಲ್ಲ. ಕೊಡಗಿನಲ್ಲಿ 1914ರಲ್ಲೇ ಕೆಟ್ಟ ಕಳೆಗಳ ಮೇಲೆ ಒಂದು ಕಾಯ್ದೆ ಬಂತು. ಮುಖ್ಯ ಗುರಿ ಲಂಟಾನ. ಕಾಫಿ ನೆಲವನ್ನೆಲ್ಲ ಅದು ನುಂಗುತ್ತಿತ್ತು. ಬಂಗಾಳದಲ್ಲಿ ಅಂತರಗಂಗೆ ದೋಣಿಗಳಿಗೂ ಭತ್ತದ ಗದ್ದೆಗಳಿಗೂ ಅಡ್ಡ ಬಂದಾಗ 1936ರಲ್ಲಿ ಅದಕ್ಕೇ ಒಂದು ಪ್ರತ್ಯೇಕ ಕಾಯ್ದೆ ಮಾಡಿದರು. ಗಿಡ ಇಟ್ಟುಕೊಳ್ಳುವುದೇ ತಪ್ಪು ಎಂದರು. ನಮ್ಮ ರಾಜ್ಯದಲ್ಲಿ 1968ರ ಕೃಷಿ ಕೀಟ ಮತ್ತು ರೋಗಗಳ ಕಾಯ್ದೆ ಇದೆ. ಅದರಡಿ 1975ರಲ್ಲಿ ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡವನ್ನು ಪೀಡೆ ಎಂದು ಘೋಷಿಸಿದರು. ನೆಲ ಯಾರ ವಶದಲ್ಲಿದೆಯೋ ಅವರೇ ಅದನ್ನು ಕೀಳಬೇಕು ಎನ್ನುವುದು ಇಂಥ ಕಾಯ್ದೆಗಳ ತಿರುಳು. ಐವತ್ತು ವರ್ಷವಾಯಿತು. ಈ ಗ್ರಂಥಾಲಯದ ಕಾಂಪೌಂಡಿನ ಆಚೆ ಸೈಟಿನಲ್ಲಿ ಎದೆ ಮಟ್ಟ ಬೆಳೆದಿರುವುದು ಅದೇ ಗಿಡ. ಬರುವಾಗ ನೋಡಿರುತ್ತೀರಿ. ಒಂದು ಗಿಡದಿಂದ ಸಾವಿರಾರು ಬೀಜ ಉದುರುತ್ತದೆ. ಬೀಜಕ್ಕೆ ನೋಟಿಸು ಕೊಡಲಾಗುವುದಿಲ್ಲ.

ಈ ಹಳೆಯ ಕಾಯ್ದೆಗಳು ಕಾಯುತ್ತಿದ್ದದ್ದು ಬೆಳೆಯನ್ನು. ಕಾಡಿನ ಬಗ್ಗೆ, ಹೊಳೆಯ ಬಗ್ಗೆ ಅವು ಮಾತಾಡಲಿಲ್ಲ. 1972ರ ವನ್ಯಜೀವಿ ಕಾಯ್ದೆಯೂ ಐವತ್ತು ವರ್ಷ ಈ ವಿಷಯದಲ್ಲಿ ಸುಮ್ಮನಿತ್ತು. ಬೇಟೆ, ಕಳ್ಳಸಾಗಣೆ, ಅತಿಕ್ರಮಣ ಎಲ್ಲ ಅದರಲ್ಲಿತ್ತು. ಆದರೆ ಬಂಡೀಪುರದ ಒಳಗೆ ಜಿಂಕೆಗೆ ಹುಲ್ಲಿಲ್ಲದಂತೆ ಮಾಡಿದ್ದು ಕೋವಿಯಲ್ಲ, ಲಂಟಾನ. ಅದರ ಎಲೆಯನ್ನು ಬೆರಳಲ್ಲಿ ಹಿಸುಕಿ ಮೂಗಿಗೆ ಹಿಡಿಯಿರಿ. ಆ ಘಾಟು ಯಾವ ಜಿಂಕೆಗೂ ಬೇಡ. ಪೊದೆಯ ಕೆಳಗೆ ಬಗ್ಗಿ ನೋಡಿದರೆ ಬರೀ ಒಣ ಕಡ್ಡಿ, ಹುಲ್ಲಿನ ಒಂದು ಎಸಳೂ ಇರುವುದಿಲ್ಲ. ಭಾರತದಲ್ಲಿ ಹುಲಿ ಓಡಾಡುವ ಕಾಡುಗಳಲ್ಲಿ ಶೇಕಡ 40ರಷ್ಟು ಪ್ರದೇಶಕ್ಕೆ ಲಂಟಾನ ಹಬ್ಬಿದೆ ಎಂದು 2020ರ ಒಂದು ಅಧ್ಯಯನ ಹೇಳಿತು. ಅದರ ಹಿಂದೆಯೇ ಹಳದಿ ಹೂವಿನ ಸೆನ್ನಾ ಬಂತು. ವಯನಾಡು, ಮುದುಮಲೈ, ಬಂಡೀಪುರ, ನಾಗರಹೊಳೆ ಎಲ್ಲಾ ಕಡೆ. ಕಡಿದಷ್ಟೂ ಬುಡದಿಂದ ಚಿಗುರುತ್ತದೆ.

ಕೊನೆಗೆ 2022ರ ಡಿಸೆಂಬರಿನಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಆಯಿತು. 2023ರ ಏಪ್ರಿಲ್ 1ರಿಂದ ಜಾರಿ. ಆಕ್ರಮಣಕಾರಿ ಅನ್ಯ ಜೀವಿ ಎಂಬ ಮಾತು ಮೊದಲ ಸಲ ಆ ಕಾಯ್ದೆಯೊಳಗೆ ಬಂತು. ಅರ್ಥವನ್ನೂ ಕೊಟ್ಟರು. ಭಾರತದ ಮೂಲದ್ದಲ್ಲದ, ಇಲ್ಲಿಗೆ ಬಂದರೆ ಅಥವಾ ಹರಡಿದರೆ ವನ್ಯಜೀವಿಗಳಿಗೋ ಅವುಗಳ ನೆಲೆಗೋ ಕೇಡಾಗಬಹುದಾದ ಪ್ರಾಣಿ ಅಥವಾ ಸಸ್ಯ. ಹಾಗೇ 62ಎ ಎಂಬ ಹೊಸ ಸೆಕ್ಷನ್ ಸೇರಿತು. ಇಂಥ ಜೀವಿಗಳ ಆಮದು, ವ್ಯಾಪಾರ, ಇಟ್ಟುಕೊಳ್ಳುವುದು, ಸಂಖ್ಯೆಯಲ್ಲಿ ಹೆಚ್ಚುವುದು, ಈ ನಾಲ್ಕನ್ನು ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ನಿಯಂತ್ರಿಸಬಹುದು ಅಥವಾ ನಿಷೇಧಿಸಬಹುದು. ಅಧಿಕಾರಿಗಳಿಗೆ ವಶಪಡಿಸಿಕೊಳ್ಳುವ, ಬೇಕಾದರೆ ನಾಶ ಮಾಡುವ ಅಧಿಕಾರವನ್ನೂ ಕೊಡಬಹುದು. ಕಾಯ್ದೆ ಮುರಿದವರಿಗೆ ಸಾಮಾನ್ಯ ಶಿಕ್ಷೆ ಮೂರು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಮೊದಲು ದಂಡ 25 ಸಾವಿರ ಇತ್ತು.

ಇದು ದೊಡ್ಡ ಹೆಜ್ಜೆ. ನನಗೆ ಓದಿದಾಗ ನಿಜವಾಗಿ ಸಂತೋಷವಾಯಿತು. ಆಮೇಲೆ ಎರಡನೇ ಸಲ ನಿಧಾನವಾಗಿ ಓದಿದೆ. ವಕೀಲರಿಗೆ ಇದು ಅಭ್ಯಾಸ. ಏನು ಬರೆದಿದೆ ಅನ್ನುವುದರ ಜೊತೆಗೆ ಏನು ಬರೆದಿಲ್ಲ ಅಂತಲೂ ನೋಡುತ್ತೇವೆ.

ಆಮದು ಇದೆ. ವ್ಯಾಪಾರ ಇದೆ. ಇಟ್ಟುಕೊಳ್ಳುವುದು ಇದೆ. ಹೆಚ್ಚುವುದು ಇದೆ. ‘ಬಿಡುವುದು’ ಇಲ್ಲ.

ನಾನು ಕೆರೆದಂಡೆಯಲ್ಲಿ ಮಾಡಿದ ಕೆಲಸಕ್ಕೆ ಆ ಸೆಕ್ಷನ್‌ನಲ್ಲಿ ನೇರವಾದ ಪದವೇ ಇಲ್ಲ. ಹೆಚ್ಚುವುದು ಎಂಬ ಮಾತಿನೊಳಗೆ ಅದನ್ನು ಎಳೆದು ತರಬಹುದು. ಆದರೆ ಒಂದೇ ಒಂದು ಗಂಡು ಆಮೆ ಬಿಟ್ಟವನು ‘ನಾನೇನು ಹೆಚ್ಚಿಸಿದೆ?’ ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ. ಇನ್ನೊಂದು ವಿಷಯ. ಈ ಸೆಕ್ಷನ್ ತಾನಾಗಿ ಯಾವ ಜೀವಿಯನ್ನೂ ನಿಷೇಧಿಸುವುದಿಲ್ಲ. ಅಧಿಸೂಚನೆಯಲ್ಲಿ ಹೆಸರು ಬರಬೇಕು. ಹೆಸರು ಬಾರದ ಪ್ರಾಣಿಗೆ ಇದು ಬೀಗವಿಲ್ಲದ ಬಾಗಿಲು.

ಬೇರೆ ದೇಶದವರು ಹೇಗೆ ಬರೆದಿದ್ದಾರೆ ನೋಡಿ. ಬ್ರಿಟನ್ನಿನಲ್ಲಿ 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆ ಇದೆ. ಅದರ 14ನೇ ಸೆಕ್ಷನ್ ಶುರುವಾಗುವುದೇ ಬಿಡುವುದರಿಂದ. ಆ ದೇಶದಲ್ಲಿ ಸಹಜವಾಗಿ ಇರದ ಯಾವ ಪ್ರಾಣಿಯನ್ನಾದರೂ ಕಾಡಿಗೆ ‘ಬಿಟ್ಟರೆ ಅಥವಾ ತಪ್ಪಿಸಿಕೊಳ್ಳಲು ಬಿಟ್ಟರೆ’ ಅಪರಾಧ. ಪ್ರಾಣಿಗಳಿಗೆ ಪಟ್ಟಿ ಇದ್ದರೂ ಪಟ್ಟಿಯಲ್ಲಿಲ್ಲದ ಪರದೇಶಿ ಪ್ರಾಣಿಗೂ ಇದು ತಗಲುತ್ತದೆ. ಗಿಡಗಳಿಗೆ ಬೇರೆ ಪಟ್ಟಿ, ಅವನ್ನು ಕಾಡಿನಲ್ಲಿ ನೆಟ್ಟರೆ ಅಥವಾ ಬೆಳೆಯುವಂತೆ ಮಾಡಿದರೆ ತಪ್ಪು. ಆರೋಪ ಬಂದವನು ‘ನಾನು ಎಚ್ಚರಿಕೆಯ ಎಲ್ಲ ಕ್ರಮ ತೆಗೆದುಕೊಂಡಿದ್ದೆ’ ಎಂದು ತೋರಿಸಿದರೆ ಪಾರಾಗಬಹುದು. ತಪ್ಪಿಸಿಕೊಳ್ಳಲು ಬಿಡುವುದು ಎಂಬ ಆ ಎರಡನೇ ಮಾತು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. 2018ರ ಕೇರಳದ ನೆರೆಯಲ್ಲಿ ಸಾಕಣೆ ಕೊಳಗಳು ತುಂಬಿ ಹರಿದು ಅಮೆಜಾನಿನ ಅರಪೈಮ ಎಂಬ ದೈತ್ಯ ಮೀನು ಚಾಲಕ್ಕುಡಿ ಹೊಳೆ ಸೇರಿತು. ಅದನ್ನು ಯಾರೂ ಬೇಕೆಂದು ಬಿಡಲಿಲ್ಲ. ಹೊಳೆ ಪಕ್ಕದಲ್ಲಿ, ನೆರೆ ಬರುವ ಜಾಗದಲ್ಲಿ, ಏರಿ ಎತ್ತರಿಸದೆ ಅಂಥ ಮೀನು ಸಾಕಿದ್ದೇ ತಪ್ಪು ಎಂದು ಹೇಳಲು ಕಾನೂನಿಗೆ ಒಂದು ಪದ ಬೇಕಲ್ವಾ?

ಅದೇ ಬ್ರಿಟನ್ನಿನ ಒಂದು ಪ್ರಕರಣ ಹೇಳುತ್ತೇನೆ. 2015ರಲ್ಲಿ ಬ್ರೈಟನ್ ತೀರದ ಬಳಿ ಕೆಲವು ಬೌದ್ಧ ಭಕ್ತರು ಮೀನು ಮಾರುವವರಿಂದ ಜೀವಂತ ಲಾಬ್‌ಸ್ಟರ್, ಏಡಿಗಳನ್ನು ಕೊಂಡು ದೋಣಿಯಲ್ಲಿ ಹೋಗಿ ಸಮುದ್ರಕ್ಕೆ ಬಿಟ್ಟರು. ಪ್ರಾಣದಾನ. ಅವು ಅಮೆರಿಕದವು. ಅಲ್ಲಿನ ಲಾಬ್‌ಸ್ಟರುಗಳಿಗೆ ರೋಗ ತರಬಹುದಾದವು. ಅವನ್ನು ಮತ್ತೆ ಹಿಡಿಯಲು ಮೀನುಗಾರರಿಗೆ ಸರ್ಕಾರ ದುಡ್ಡು ಕೊಡಬೇಕಾಯಿತು. 2017ರಲ್ಲಿ ಕೋರ್ಟು ಇಬ್ಬರಿಗೆ ದಂಡ ಮತ್ತು ಪರಿಹಾರ ಸೇರಿ ಸುಮಾರು 15 ಸಾವಿರ ಪೌಂಡ್ ಹಾಕಿತು. ಭಕ್ತಿಯ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ.

ಇದನ್ನು ಓದಿದಾಗ ನನಗೆ ನಮ್ಮಮ್ಮನ ಮಾತು ನೆನಪಾಯಿತು. ನಮ್ಮಲ್ಲೂ ಹರಕೆಗೆ ಕಲ್ಯಾಣಿಗೆ ಮೀನು ಬಿಡುತ್ತಾರೆ, ಆಮೆ ಬಿಡುತ್ತಾರೆ. ಮನೆ ಖಾಲಿ ಮಾಡುವಾಗ ಅಕ್ವೇರಿಯಂ ಮೀನನ್ನು ಕೆರೆಗೆ ಸುರಿಯುತ್ತಾರೆ. ಗಾಜು ನೆಕ್ಕಿ ಶುಚಿ ಮಾಡುತ್ತೆ ಅಂತ ತರುವ ಸಕ್ಕರ್ ಮೀನು ಹಾಗೇ ಕೆರೆ ಸೇರಿದ್ದು. ಕೆರೆಯಲ್ಲಿ ಮೀನು ಹಿಡಿಯುವ ಒಬ್ಬರು ನನಗೆ ತಮ್ಮ ಬಲೆ ತೋರಿಸಿದರು. ಅಂಗೈ ಹಾಯುವಷ್ಟು ತೂತುಗಳು. ಆ ಮೀನಿನ ಮೈ ಮೇಲೆ ಕವಚದಂಥ ತಟ್ಟೆಗಳು, ರೆಕ್ಕೆಯ ಮುಂದೆ ಗರಗಸದಂಥ ಮುಳ್ಳು. ಬಲೆಗೆ ಬಿದ್ದರೆ ಬಿಡಿಸಲಾಗುವುದಿಲ್ಲ, ಬಲೆಯನ್ನೇ ಕತ್ತರಿಸಬೇಕು. ಕೊಳ್ಳುವವರೂ ಇಲ್ಲ. ದಂಡೆಯ ಮೇಲೆ ಒಣಗಿ ಬಿದ್ದಿದ್ದ ನಾಲ್ಕೈದು ಮೀನು ತೋರಿಸಿ, ‘ಇದನ್ನ ನಾಯೀನೂ ಮೂಸಲ್ಲ ಸಾರ್’ ಎಂದರು. ಪ್ರಾಣದಾನ ಮಾಡಿದವರ ಪುಣ್ಯದ ಲೆಕ್ಕ ನನಗೆ ಗೊತ್ತಿಲ್ಲ. ಆ ಬಲೆಯ ಲೆಕ್ಕ ಗೊತ್ತು. ಅದು ಮೀನು ಹಿಡಿಯುವವರ ಜೇಬಿನಿಂದ ಹೋಯಿತು.

ಈಗ ಕಾಯ್ದೆಯ ಇನ್ನೊಂದು ಮಾತಿಗೆ ಬರೋಣ. ‘ಭಾರತದ ಮೂಲದ್ದಲ್ಲದ’ ಎನ್ನುವುದು. ಕೇಳಲು ಸರಿಯಾಗೇ ಇದೆ. ಆದರೆ ಮೀನಿಗೆ, ಕಪ್ಪೆಗೆ ದೇಶದ ಗಡಿ ಗೊತ್ತಿಲ್ಲ. ಅದರ ಊರು ಒಂದು ಹೊಳೆ, ಒಂದು ಗುಡ್ಡಸಾಲು.

ಕಾವೇರಿಯ ಮಹಶೀರ್ ಹೆಸರು ಕೇಳಿರುತ್ತೀರಿ. ಹೊಳೆಯ ಜನ ಬಿಳಿಮೀನು ಎನ್ನುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತು, ಅಂದರೆ 54 ಕಿಲೋ. ಒಬ್ಬ ಆಳಿನ ತೂಕ. ಬೆನ್ನು ಗೂನಿನ ಹಾಗೆ ಎದ್ದಿರುವ ಈ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ.

ಇದು ಕಡಿಮೆಯಾಗುತ್ತಿದೆ, ಮಹಶೀರ್ ಉಳಿಸಬೇಕು ಅಂತ ಒಳ್ಳೆಯ ಮನಸ್ಸಿನಿಂದ ಏನು ಮಾಡಿದರು ಗೊತ್ತೇ? ಮಹಾರಾಷ್ಟ್ರದ ಲೋಣಾವಳದ ಹ್ಯಾಚರಿಯಲ್ಲಿ ಮರಿ ಮಾಡಿಸಿದ ಬೇರೊಂದು ಜಾತಿಯ ಮಹಶೀರನ್ನು, ನೀಲಿ ರೆಕ್ಕೆಯದನ್ನು, ತಂದು ಕಾವೇರಿಗೆ ಬಿಟ್ಟರು. ಎರಡೂ ಮಹಶೀರೇ, ಎರಡೂ ಭಾರತದ್ದೇ. ಗಾಳ ಹಾಕುವವರು ಹಿಡಿದ ಮೀನನ್ನು ತೂಕ ಮಾಡಿ, ಪುಸ್ತಕದಲ್ಲಿ ಬರೆದು, ವಾಪಸು ನೀರಿಗೆ ಬಿಡುವ ಪದ್ಧತಿ ಇತ್ತು. ಕಾವೇರಿ ದಂಡೆಯ ಒಂದು ಶಿಬಿರದ ಅಂಥ ಪುಸ್ತಕಗಳನ್ನು, 1998ರಿಂದ 2012ರವರೆಗಿನವನ್ನು, ಸಂಶೋಧಕರು ಕೂತು ಓದಿದರು. ವರ್ಷದಿಂದ ವರ್ಷಕ್ಕೆ ನೀಲಿ ರೆಕ್ಕೆಯವು ಹೆಚ್ಚಿದವು. ಗೂನುಬೆನ್ನಿನವು ಕಡಿಮೆಯಾಗುತ್ತಾ ಬಂದವು. ಮರಿಗಳಂತೂ ಸಿಗುವುದೇ ಅಪರೂಪವಾಯಿತು. ಇನ್ನೂ ನೋವಿನ ಸಂಗತಿ ಎಂದರೆ ಆ ಮೀನಿಗೆ ಅಷ್ಟು ದಿನ ಸರಿಯಾದ ವೈಜ್ಞಾನಿಕ ಹೆಸರೂ ನಿಕ್ಕಿಯಾಗಿರಲಿಲ್ಲ. ಅದು ಟೋರ್ ರೇಮದೇವಿ ಎಂದು ಗುರುತಾದದ್ದು 2018ರಲ್ಲಿ. ಅದೇ ವರ್ಷ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಕೆಂಪು ಪಟ್ಟಿಗೂ ಸೇರಿತು. ಹೆಸರಿಡುವ ಹೊತ್ತಿಗೆ ಮನೆ ಖಾಲಿಯಾಗುತ್ತಿತ್ತು. ಅಣೆಕಟ್ಟು, ಮರಳು ಗಣಿ, ಡೈನಮೈಟ್ ಎಲ್ಲವೂ ಸೇರಿ ಆದ ಅನಾಹುತ ಇದು. ಆದರೆ ಬೇರೆ ಹೊಳೆಯ ಮೀನು ಬಿಟ್ಟದ್ದೂ ಅದರಲ್ಲಿ ಒಂದು.

62ಎ ಸೆಕ್ಷನ್ ಇದಕ್ಕೆ ತಾಗುವುದೇ ಇಲ್ಲ. ನೀಲಿ ರೆಕ್ಕೆಯ ಮಹಶೀರ್ ಭಾರತದ್ದು. ನಮ್ಮ ಗದ್ದೆಯ ದೊಡ್ಡ ಗೂಳಿಗಪ್ಪೆ ಅಂಡಮಾನಿಗೆ ಹೋಗಿ ಅಲ್ಲಿನ ಓತಿ, ಹಲ್ಲಿ, ಮೀನುಗಳನ್ನು ನುಂಗುತ್ತಿದೆ. ಅದಕ್ಕೂ ತಾಗುವುದಿಲ್ಲ. ಬ್ರಿಟಿಷರು ಅಂಡಮಾನಿಗೆ ಸಾಗಿಸಿದ ಚುಕ್ಕೆ ಜಿಂಕೆ ಅಲ್ಲಿ ಕಾಡಿನ ಚಿಗುರನ್ನೇ ಮುಗಿಸುತ್ತಿದೆ. ಅದಕ್ಕೂ ಇಲ್ಲ. ‘ಭಾರತದ ಮೂಲದ್ದಲ್ಲದ’ ಎನ್ನುವ ಬದಲು ‘ಆ ಪ್ರದೇಶದ ಮೂಲದ್ದಲ್ಲದ’ ಎಂದು ಬರೆದಿದ್ದರೆ ಸಾಕಿತ್ತು. ಒಂದು ಪದದ ಬದಲಾವಣೆ. ಇದು ಆಗಬೇಕು ಅಂತ ನಾನು ಎಲ್ಲಿ ಮಾತಾಡಿದರೂ ಕೇಳುತ್ತೇನೆ.

ಹಾಗಾದರೆ ಏನನ್ನೂ ಎಲ್ಲಿಯೂ ಬಿಡಲೇಬಾರದೇ? ಹಾಗಲ್ಲ. ಇದಕ್ಕೆ ಬೆಂಗಳೂರಿನದೇ ಉದಾಹರಣೆ ಇದೆ. ಕಾಂಗ್ರೆಸ್ ಗಿಡ ತಿನ್ನುವ ಒಂದು ಪುಟ್ಟ ದುಂಬಿಯನ್ನು 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತಂದರು. ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೆರೆಗಳ ಹುಳು. ತಂದ ತಕ್ಷಣ ಬಿಡಲಿಲ್ಲ. ಮುಚ್ಚಿದ ಕೋಣೆಯಲ್ಲಿಟ್ಟು ನಮ್ಮ ಬೆಳೆಗಳ ಎಲೆಗಳನ್ನು ಒಂದೊಂದಾಗಿ ಮುಂದಿಟ್ಟು, ಯಾವುದನ್ನು ತಿನ್ನುತ್ತದೆ, ಯಾವುದನ್ನು ಬಿಡುತ್ತದೆ, ಮೊಟ್ಟೆ ಎಲ್ಲಿಡುತ್ತದೆ ಎಂದು ನೋಡಿದರು. ಅನುಮತಿ ಪಡೆದು 1984ರಲ್ಲಿ ಹೊಲಕ್ಕೆ ಬಿಟ್ಟರು. ಮಳೆಗಾಲದಲ್ಲಿ ಪಾರ್ಥೇನಿಯಂ ಗಿಡದ ಎಲೆಯೆಲ್ಲ ಜರಡಿಯಾಗಿರುವುದನ್ನು ನೀವು ನೋಡಿದ್ದರೆ ಅದು ಇದರದೇ ಕೆಲಸ. ಮುಂದೆ ಸೂರ್ಯಕಾಂತಿಯ ಮೇಲೂ ಅದು ಕಂಡಾಗ ರೈತರು ಗಾಬರಿಯಾದರು. ಮತ್ತೆ ಪರೀಕ್ಷೆ ನಡೆಯಿತು. ಅಷ್ಟು ಜಾಗ್ರತೆಯಿಂದ ಬಿಟ್ಟದ್ದಕ್ಕೇ ಇಷ್ಟು ಪ್ರಶ್ನೆ ಬಂತು.

ಪರಂಗಿ ಗಿಡದ ಮೇಲೆ ಬಿಳಿ ಹತ್ತಿಯಂತೆ ಮೆತ್ತಿಕೊಳ್ಳುವ ಹಿಟ್ಟು ತಿಗಣೆ ನೆನಪಿದೆಯಾ? 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಎರಡು ವರ್ಷದಲ್ಲಿ ನಮ್ಮ ಹಿಪ್ಪುನೇರಳೆ ತೋಟಗಳಿಗೂ ಹತ್ತಿತು. 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಸ್ಥೆಯವರು ಪೋರ್ಟರಿಕೋದಿಂದ ಅದರ ವೈರಿ ಕಣಜವನ್ನು ತರಿಸಿ, ಪರೀಕ್ಷಿಸಿ, ಬಿಟ್ಟರು. ಕಣ್ಣಿಗೆ ಕಾಣದಷ್ಟು ಸಣ್ಣದು. ರೇಷ್ಮೆ ರೈತರು ಉಸಿರಾಡಿದರು. ಬಿಡುವ ಮುಂಚೆ ಯಾರೋ ಒಬ್ಬರು ‘ಆಮೇಲೇನು?’ ಎಂದು ಕೇಳಿ, ಉತ್ತರ ಸಿಗುವವರೆಗೆ ಕಾದಿದ್ದರು. ಕಾನೂನು ಮಾಡಬೇಕಾದ ಕೆಲಸ ಇಷ್ಟೇ. ಸೊಳ್ಳೆ ತಿನ್ನಲಿ ಅಂತ ನಮ್ಮ ಇಲಾಖೆಗಳು ದಶಕಗಳಿಂದ ಬಾವಿ, ಕೆರೆಗಳಿಗೆ ಬಿಡುತ್ತಿರುವ ಗ್ಯಾಂಬೂಸಿಯ ಮೀನಿಗೂ ಇದೇ ಪ್ರಶ್ನೆ ಕೇಳಬೇಕು. ಅದು ಸೊಳ್ಳೆಮರಿಯ ಜೊತೆ ಗೊದಮೊಟ್ಟೆಯನ್ನೂ ನಮ್ಮ ಸಣ್ಣ ಮೀನುಗಳ ಮರಿಯನ್ನೂ ತಿನ್ನುತ್ತದೆ. ಇಲಾಖೆ ಬಿಟ್ಟರೂ ಬಿಡುವುದೇ.

ನಿಷೇಧ ಒಂದೇ ಸಾಕಾಗುವುದಿಲ್ಲ ಅನ್ನುವುದಕ್ಕೆ ಆಫ್ರಿಕನ್ ಕ್ಯಾಟ್‌ಫಿಶ್ ಸಾಕ್ಷಿ. ಅದರ ಸಾಕಣೆಯನ್ನು 2000ದಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮತ್ತೆ ಹೇಳಬೇಕಾಯಿತು. ಈಗಲೂ ಬೆಂಗಳೂರಿನ ಸುತ್ತ ತೋಟದ ಮೂಲೆಗಳಲ್ಲಿ ಹೊಂಡ ತೋಡಿ, ಕೋಳಿ ಅಂಗಡಿಯ ತ್ಯಾಜ್ಯ ಹಾಕಿ ಸಾಕುತ್ತಾರೆ, ದಾಳಿಯಾಗುತ್ತದೆ, ಪೇಪರಿನಲ್ಲಿ ಬರುತ್ತದೆ. ಬೇಗ ಬೆಳೆಯುತ್ತದೆ, ಕಡಿಮೆ ಖರ್ಚು. ಬಡ ರೈತನಿಗೆ ಅದರ ಬದಲು ಯಾವ ಮೀನು ಸಾಕಬಹುದು, ಮರಿ ಎಲ್ಲಿ ಸಿಗುತ್ತದೆ ಎಂದು ಹೇಳುವವರು ಇಲ್ಲದಿದ್ದರೆ ನಿಷೇಧ ಕಾಗದದಲ್ಲೇ ಉಳಿಯುತ್ತದೆ.

ಸಾಕು ಪ್ರಾಣಿಗಳ ವಿಷಯದಲ್ಲಿ ಅಪಾಯ ಇನ್ನೂ ಜಾಸ್ತಿ. ನಾಳೆ ಬೆಳಗ್ಗೆ ಕೆಂಪುಗಿವಿ ಆಮೆಯನ್ನು ಇಟ್ಟುಕೊಳ್ಳುವುದೇ ಅಪರಾಧ ಎಂದು ಅಧಿಸೂಚನೆ ಬಂತು ಅನ್ನಿ. ರಾತ್ರಿಯೊಳಗೆ ಎಷ್ಟು ಬಕೆಟ್ಟುಗಳು ಕೆರೆ ಕಡೆ ಹೋಗುತ್ತವೆ ಊಹಿಸಿ. ಜೈಲಿಗೆ ಹೆದರಿದ ಒಳ್ಳೆಯ ಜನರೇ ಅದನ್ನು ಮಾಡುತ್ತಾರೆ. ಯುರೋಪಿನವರು ಇದನ್ನು ಮುಂಚೆಯೇ ಯೋಚಿಸಿದರು. 2016ರಲ್ಲಿ ಈ ಆಮೆಯನ್ನು ತಮ್ಮ ನಿಷೇಧದ ಪಟ್ಟಿಗೆ ಸೇರಿಸಿದಾಗ, ಆಗಲೇ ಮನೆಯಲ್ಲಿದ್ದ ಆಮೆಗಳನ್ನು ಅವು ಸಾಯುವವರೆಗೆ ಇಟ್ಟುಕೊಳ್ಳಬಹುದು ಎಂದರು. ಎರಡೇ ಷರತ್ತು. ಮರಿ ಮಾಡಿಸಬಾರದು, ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳಬೇಕು. ನಮ್ಮಲ್ಲೂ ಒಂದು ಮಾದರಿ ಇದೆ. ಪರದೇಶದ ಕೆಲವು ಸಂರಕ್ಷಿತ ಪ್ರಾಣಿಗಳನ್ನು ಸಾಕಿದವರು ಅವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು ಎಂದು 2024ರಲ್ಲಿ ನಿಯಮ ಬಂದಿದೆ. ಅದೇ ದಾರಿಯಲ್ಲಿ ಆಕ್ರಮಣಕಾರಿ ಸಾಕುಪ್ರಾಣಿಗಳಿಗೂ ನೋಂದಣಿ ಮಾಡಬಹುದು. ಜೊತೆಗೆ ಪ್ರತಿ ಜಿಲ್ಲೆಯಲ್ಲಿ, ಪ್ರಶ್ನೆ ಕೇಳದೆ, ಕೇಸು ಹಾಕದೆ, ಇಂಥ ಪ್ರಾಣಿಯನ್ನು ತೆಗೆದುಕೊಳ್ಳುವ ಒಂದು ಜಾಗ ಬೇಕು. ಅಂದು ನನ್ನ ಬಕೆಟ್ಟಿಗೆ ಅಂಥ ಒಂದು ವಿಳಾಸ ಇದ್ದಿದ್ದರೆ ನಾನು ಅಲ್ಲಿಗೇ ಹೋಗುತ್ತಿದ್ದೆ.

ಮಾತು ಮುಗಿದ ಮೇಲೆ ಒಬ್ಬ ಕಾಲೇಜು ಹುಡುಗ ಕೇಳಿದ. ‘ಕೆರೆಯಲ್ಲಿ ಕೆಂಪುಗಿವಿ ಆಮೆ ಕಂಡರೆ ನಾವೇ ಹಿಡಿಯಬಹುದಾ ಸಾರ್?’ ಬೇಡ ಎಂದೆ. ಗಡಿಬಿಡಿಯಲ್ಲಿ ನಮ್ಮ ದೇಸಿ ಆಮೆಯನ್ನು ಹಿಡಿದರೆ ಅದೇ ಕೇಸು. ಮೊದಲು ಫೋಟೋ ತೆಗೆಯಿರಿ. ಕಣ್ಣಿನ ಹಿಂದಿನ ಗೆರೆ ಕಾಣಬೇಕು. ತಾರೀಕು, ಜಾಗ ಬರೆದುಕೊಳ್ಳಿ. ಅರಣ್ಯ ಇಲಾಖೆಗೆ ತಿಳಿಸಿ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಂತ ಇದೆ, ಅಲ್ಲೂ ಹಾಕಿ. ಯಾವ ಕೆರೆಯಲ್ಲಿ ಏನಿದೆ ಎನ್ನುವ ದಾಖಲೆ ಇದ್ದರೆ ಅಧಿಸೂಚನೆಯಲ್ಲಿ ಹೆಸರು ಸೇರಿಸಿ ಎಂದು ಕೇಳಲು ನಮ್ಮ ಕೈಯಲ್ಲಿ ಏನಾದರೂ ಇರುತ್ತದೆ.

ಎಲ್ಲರೂ ಎದ್ದು ಹೊರಟ ಮೇಲೆ ಒಬ್ಬರು ಹೆಂಗಸು ಹತ್ತಿರ ಬಂದರು. ಧ್ವನಿ ತಗ್ಗಿಸಿ, ‘ನಮ್ಮ ಮನೇಲೂ ಒಂದಿದೆ’ ಎಂದರು. ಮಗ ಓದಲು ಬೇರೆ ಊರಿಗೆ ಹೋಗಿದ್ದಾನಂತೆ. ಮುಂದಿನ ವಾರ ಕೆರೆಗೆ ಬಿಡೋಣ ಎಂದು ಯಜಮಾನರು ಹೇಳಿದ್ದರಂತೆ. ಫೋನಿನಲ್ಲಿ ಫೋಟೋ ತೋರಿಸಿದರು. ಅದೇ ಕುಂಕುಮದ ಗೆರೆ. ಉದ್ದ ಉಗುರು ನೋಡಿ, ಗಂಡಿರಬೇಕು ಎಂದೆ. ಇನ್ನೊಂದನ್ನು ಜೊತೆಗೆ ತರಬೇಡಿ, ಯಾರಿಗೂ ದಾಟಿಸಬೇಡಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಹತ್ತಿ ಕೂರಲು ಒಂದು ಕಲ್ಲಿಡಿ, ಬೆಳಗಿನ ಬಿಸಿಲು ಬೀಳುವ ಕಡೆ ಇಡಿ ಎಂದು ಹೇಳಿದೆ.

‘ಇನ್ನೂ ಎಷ್ಟು ವರ್ಷ ಇರುತ್ತೆ?’ ಎಂದು ಕೇಳಿದರು.

‘ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ.’

ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ, ‘ಮಹಡಿ ಮೇಲೆ ಹಳೇ ಸಿಮೆಂಟ್ ತೊಟ್ಟಿ ಇದೆ. ಬೆಕ್ಕು ಬರದ ಹಾಗೆ ಮೇಲೊಂದು ಜಾಲರಿ ಹಾಕಿಸಬೇಕು’ ಎಂದು, ತೊಟ್ಟಿಯ ಅಳತೆ ಕೇಳಲು ಮನೆಗೆ ಫೋನ್ ಮಾಡಿದರು.